ಲೋಳೆಸರ: ನಾವು ಹೇಳದೆ ಉಳಿಸಿದ ಮಾತು



ಕಳೆದ ಸಂಚಿಕೆಯಲ್ಲಿ ನೆಲ್ಲಿಕಾಯಿಯ ವಿಚಾರವನ್ನು ಬರೆದು ಮುಗಿಸುವಾಗ, ಮುಂದಿನ ತಿಂಗಳು ಲೋಳೆಸರವನ್ನು ಕುರಿತು ಬರೆಯುವೆವೆಂದು ಮಾತು ಕೊಟ್ಟಿದ್ದೆವು. ಆ ಮಾತನ್ನು ಈಗ ನಡೆಸಿಕೊಡುತ್ತಿದ್ದೇವೆ. ಆದರೆ ಗಿಡದ ಗುಣವರ್ಣನೆಗೆ ತೊಡಗುವ ಮುನ್ನ ನಮ್ಮದೇ ಒಂದು ತಪ್ಪನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಒಪ್ಪಿಕೊಳ್ಳದೆ ಬರೆದರೆ ಈ ಬರಹಕ್ಕೆ ಬೆಲೆಯಿಲ್ಲ.

ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದ ಪ್ರವಚನಕ್ಕಾಗಿ ಒಂದು ಊರಿಗೆ ಹೋಗಿದ್ದೆವು. ಸದ್ಭಕ್ತರೊಬ್ಬರ ಮನೆಯಲ್ಲಿ ನಮ್ಮ ವಸತಿ. ಒಂದು ಸಂಜೆ ಮಾತು ಆರೋಗ್ಯದ ಕಡೆಗೆ ಹೊರಳಿತು. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಹಿಡಿದುಕೊಂಡು, ಲೋಳೆಸರವೊಂದು ಅಂಗಳದಲ್ಲಿದ್ದರೆ ವೈದ್ಯನೊಬ್ಬ ಮನೆಯಲ್ಲಿದ್ದಂತೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅದನ್ನು ಸೇವಿಸಿದರೆ ಮಲಬದ್ಧತೆಯೂ ಮೈಯುರಿಯೂ ದೂರವಾಗುವುವು ಎಂದು ಹೇಳಿದೆವು. ಸಭೆಯು ಚಪ್ಪಾಳೆ ತಟ್ಟಿತು. ನಾವೂ ಸಂತೋಷಪಟ್ಟೆವು.

ನಾವು ಇಳಿದುಕೊಂಡಿದ್ದ ಮನೆಯ ಹಿರಿಯ ತಾಯಿಗೆ ಎಪ್ಪತ್ತು ದಾಟಿತ್ತು. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಗುಳಿಗೆ ನಡೆದಿತ್ತು. ನಾವು ಊರು ಬಿಟ್ಟ ಮರುದಿನದಿಂದ ಆಕೆ ಮೊಮ್ಮಗನ ಕೈಯಲ್ಲಿ ಎಲೆ ಕೊಯ್ಯಿಸಿ, ಸಿಪ್ಪೆಸಹಿತ ರುಬ್ಬಿಸಿ, ಲೋಟ ತುಂಬ ಕುಡಿಯತೊಡಗಿದರು. ಹೊಟ್ಟೆ ಕಿವುಚಿತು, ಭೇದಿಯಾಯಿತು. ಮೈಯೊಳಗಿನ ಕಲ್ಮಷವೆಲ್ಲ ಹೊರಗೆ ಹೋಗುತ್ತಿದೆಯೆಂದು ಭಾವಿಸಿ ನಿಲ್ಲಿಸಲಿಲ್ಲ. ಎಂಟನೆಯ ದಿನ ಬಚ್ಚಲಿನಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣವು ಅಪಾಯದ ಮಟ್ಟಕ್ಕೆ ಇಳಿದಿತ್ತು. ಆಕೆಯ ರಕ್ತದೊತ್ತಡದ ಗುಳಿಗೆಯು ಮೂತ್ರವನ್ನು ಹೆಚ್ಚಿಸುವ ಜಾತಿಯದು. ಅದೂ ಆ ಲವಣವನ್ನು ಹೊರಹಾಕುವಂಥದೇ. ಎರಡೂ ಒಂದಾಗಿ ಕೆಲಸ ಕೆಡಿಸಿದ್ದವು. ಮೂರು ದಿನ ಸಲಾಯಿನ್ ಹಚ್ಚಿದ ಮೇಲೆ ಜೀವ ನಿಂತಿತು.

ಸುದ್ದಿ ತಿಳಿದು ನೋಡಲು ಹೋದೆವು. ಆ ತಾಯಿ ಮಲಗಿದಲ್ಲಿಂದಲೇ ಕೈಮುಗಿದು, "ನಾನಽ ಏನರ ತಪ್ಪು ಮಾಡಿರಬೇಕ್ರಿ ಶಾಸ್ತ್ರಿಗಳಽ. ನೀವು ಹೇಳಿದ್ದು ಸುಳ್ಳಾಗಂಗಿಲ್ಲ" ಎಂದರು. ಆಕೆ ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ತಪ್ಪು ಆಕೆಯದಲ್ಲ, ನಮ್ಮದು. ಅರ್ಧ ಮಾತನ್ನು ಹೇಳಿ ಬಂದಿದ್ದೆವು.

ಉಳಿದರ್ಧ ನಮಗೆ ತಿಳಿಯದ್ದೇನೂ ಆಗಿರಲಿಲ್ಲ. ಬಾಲ್ಯದಲ್ಲಿ ನಾವು ಮಠದಲ್ಲಿ ಓದುತ್ತಿದ್ದಾಗ ದಾಸೋಹದ ಮನೆಯಲ್ಲೊಬ್ಬ ಹಿರಿಯರಿದ್ದರು. ಅಜ್ಜನವರೆಂದೇ ನಾವೆಲ್ಲ ಕರೆಯುತ್ತಿದ್ದೆವು. ಲೋಳೆಸರ ಬೇಕಾದಾಗ ಅವರು ಸಂಜೆಯೇ ಎಲೆ ಕೊಯ್ಯಿಸಿ, ಕೊಯ್ದ ತುದಿ ಕೆಳಗಾಗುವಂತೆ ಮಣ್ಣಿನ ಬೋಗುಣಿಯಲ್ಲಿ ನಿಲ್ಲಿಸಿಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಬೋಗುಣಿಯ ತಳದಲ್ಲಿ ಹಳದಿಯ ನೀರು ನಿಂತಿರುತ್ತಿತ್ತು. ಅದನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬರುವುದು ಹುಡುಗರಾದ ನಮ್ಮ ಕೆಲಸ. "ಹಳದಿ ನೀರು ಬಿಡೂತನಕ ಅದು ಮದ್ದಲ್ಲಪಾ" ಎಂದು ಅಜ್ಜನವರು ಹೇಳುತ್ತಿದ್ದರು. ವರ್ಷಗಟ್ಟಲೆ ಕೈಯಿಂದ ಮಾಡಿದ ಆ ಕೆಲಸವನ್ನು ನಾವು ವಿದ್ಯೆಯೆಂದು ಎಣಿಸಲೇ ಇಲ್ಲ. ಆದುದರಿಂದ ವೇದಿಕೆಯ ಮೇಲೆ ನಿಂತಾಗ ಗಿಡದ ಗುಣವು ನೆನಪಾಯಿತು, ಬೋಗುಣಿ ನೆನಪಾಗಲಿಲ್ಲ. ಆ ಬೋಗುಣಿಯ ಮಾತನ್ನು ಇಂದು ಸಾದ್ಯಂತವಾಗಿ ಹೇಳುತ್ತೇವೆ.

ಗಿಡದ ಗುರುತು

ಸಂಸ್ಕೃತದಲ್ಲಿ ಇದಕ್ಕೆ ಕುಮಾರಿ, ಘೃತಕುಮಾರಿ ಎಂಬ ಹೆಸರುಗಳು. ಸದಾ ಎಳೆತನದಿಂದ ನಳನಳಿಸುವುದರಿಂದ ಕುಮಾರಿ, ಒಳಗಿನ ತಿರುಳು ತುಪ್ಪದಂತೆ ಜಾರುವುದರಿಂದ ಘೃತಕುಮಾರಿ ಎಂದು ಅರ್ಥ ಹೇಳುವುದುಂಟು. ನಮ್ಮಲ್ಲಿ ಲೋಳೆಸರ, ಲೋಳಿಸರ ಎನ್ನುತ್ತೇವೆ. ಗಡಿಭಾಗದ ಬಂಧುಗಳು ಮರಾಠಿಯಲ್ಲಿ ಕೋರಫಡ, ತೆಲುಗಿನಲ್ಲಿ ಕಲಬಂದ ಎಂಬ ಹೆಸರುಗಳನ್ನು ಕೇಳಿರಬಹುದು. ಅಂಗಡಿಯ ಶೀಶೆಗಳ ಮೇಲಿರುವ ಅಲೋವೆರಾ ಎಂಬ ಹೆಸರೂ ಇದರದೇ.

ಇದರ ಮೂಲ ನೆಲೆ ಅರಬ್ಬೀ ಪರ್ಯಾಯದ್ವೀಪವೆಂದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಮರುಭೂಮಿಯ ಗಿಡವಾದುದರಿಂದ ನೀರನ್ನು ಜೋಪಾನ ಮಾಡುವ ಜಾಣತನ ಇದಕ್ಕೆ ಹುಟ್ಟಿನಿಂದಲೇ ಬಂದಿದೆ. ಬಿಸಿಲಿರುವಾಗ ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿಯ ತಂಪಿನಲ್ಲಿ ಮಾತ್ರ ತೆರೆದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಹಲವು ಮನೆಗಳಲ್ಲಿ ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ಬೇರುಸಹಿತ ತಲೆಕೆಳಗಾಗಿ ಕಟ್ಟಿದ ಲೋಳೆಸರವು ಮಣ್ಣು ನೀರುಗಳಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದಕ್ಕೆ ಇದೇ ಕಾರಣ. ಅದರಲ್ಲಿ ಪವಾಡವೇನೂ ಇಲ್ಲ. ಬಾಗಿಲಿಗೆ ಕಟ್ಟುವ ಬದಲು ಕುಂಡದಲ್ಲಿ ನೆಟ್ಟರೆ ಗಿಡಕ್ಕೂ ಮನೆಗೂ ಒಳಿತು.

ಇಲ್ಲೊಂದು ಎಚ್ಚರಿಕೆ. ಹೊಲದ ಬದುವಿನಲ್ಲಿ ಬೇಲಿಯಾಗಿ ಬೆಳೆಯುವ, ನಾರು ತೆಗೆಯುವ ಕತ್ತಾಳೆಯೇ ಬೇರೆ, ಲೋಳೆಸರವೇ ಬೇರೆ. ಕತ್ತಾಳೆ ಅಮೆರಿಕ ಖಂಡದಿಂದ ಬಂದದ್ದು. ಅದರ ಎಲೆ ಗಡುಸು, ನಾರುಮಯ, ತುದಿಯಲ್ಲಿ ಸೂಜಿಯಂತಹ ಮುಳ್ಳು. ಅದರ ರಸ ಮೈಗೆ ತಾಗಿದರೆ ತುರಿಕೆಯೂ ಗುಳ್ಳೆಯೂ ಏಳುವುದುಂಟು. ಲೋಳೆಸರದ ಎಲೆಯಾದರೋ ಮಾಂಸಲವಾಗಿದ್ದು, ಮುರಿದರೆ ಲೋಳೆ ಒಸರುತ್ತದೆ. ಅಂಚಿನ ಮುಳ್ಳುಗಳು ಸಣ್ಣವು, ಮೆತ್ತಗಿನವು. ಅಲಂಕಾರಕ್ಕಾಗಿ ಮಾರುವ ಲೋಳೆಸರದ ಬೇರೆ ಜಾತಿಗಳೂ ಬಹಳ ಇವೆ. ಅವುಗಳನ್ನು ಅಡುಗೆಮನೆಗೆ ತರತಕ್ಕದ್ದಲ್ಲ. ಗುರುತು ತಿಳಿಯದಿದ್ದರೆ ಬಲ್ಲವರಿಗೆ ತೋರಿಸಿ ಕೇಳುವುದು ಲೇಸು.

ಒಂದೇ ಎಲೆಯಲ್ಲಿ ಎರಡು ವಸ್ತು

ಎಲೆಯನ್ನು ಅಡ್ಡಲಾಗಿ ಕೊಯ್ದು ನೋಡಿರಿ. ನಡುವೆ ನೀರಿನಂತೆ ತಿಳಿಯಾದ ತಿರುಳು, ಅದರ ಸುತ್ತಲೂ ಹಸಿರು ಸಿಪ್ಪೆ. ಸಿಪ್ಪೆಯ ಒಳಮೈಗೆ ಅಂಟಿಕೊಂಡ ಸಣ್ಣ ನಾಳಗಳಿಂದ ಹಳದಿ ರಸವು ತೊಟ್ಟಿಕ್ಕುವುದು. ತಿರುಳಿನ ನೂರು ಪಾಲಿನಲ್ಲಿ ಸುಮಾರು 99 ಪಾಲು ನೀರು. ಉಳಿದದ್ದು ಮುಖ್ಯವಾಗಿ ತಂಪೂ ಜಿಗುಟೂ ಕೊಡುವ ಪಿಷ್ಟದಂತಹ ಪದಾರ್ಥಗಳು. ಹಳದಿ ರಸವು ಬೇರೆಯೇ ವಸ್ತು. ಕಡು ಕಹಿ. ಅದರಲ್ಲಿರುವ ಅಲೋಯಿನ್ ಎಂಬ ಅಂಶವು ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ರೂಪಾಂತರ ಹೊಂದಿ, ಕರುಳನ್ನು ಕೆರಳಿಸಿ ನೀರನ್ನು ಹೊರಗೆ ಹರಿಸುತ್ತದೆ. ರಾತ್ರಿ ಸೇವಿಸಿದರೆ ಬೆಳಿಗ್ಗೆ ಭೇದಿ. ತಿರುಳು ತಂಪು ಕೊಡುವಂಥದು, ಹಳದಿ ರಸವು ಭೇದಿ ಮಾಡಿಸುವಂಥದು. ಎರಡನ್ನೂ ಕೂಡಿಸಿ ರುಬ್ಬಿ ಕುಡಿದರೆ ತಂಪನ್ನು ಬಯಸಿದವರಿಗೆ ಭೇದಿ ದೊರೆಯುತ್ತದೆ. ಆ ತಾಯಿಗೆ ಆದದ್ದು ಇದೇ.

ಈ ಭೇದಕ ಗುಣವನ್ನು ಹಿಂದಿನವರು ಬಲ್ಲವರಾಗಿದ್ದರು. 16ನೆಯ ಶತಮಾನದ ಭಾವಮಿಶ್ರನ 'ಭಾವಪ್ರಕಾಶ'ವು ಕುಮಾರಿಯನ್ನು ಶೀತಗುಣದ್ದೆಂದೂ ಮಲವನ್ನು ಭೇದಿಸತಕ್ಕದ್ದೆಂದೂ ಹೇಳಿ, ಬೆಂಕಿಯಿಂದ ಸುಟ್ಟದ್ದಕ್ಕೆ ಹಿತವೆಂದೂ ಎಣಿಸುತ್ತದೆ. ಹಳದಿ ರಸವನ್ನು ಒಣಗಿಸಿದರೆ ಕಪ್ಪಗೆ ಹೊಳೆಯುವ ಗಟ್ಟಿಯಾಗುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಕರಿಬೋಳವೆಂದು ಮಾರುವುದು ಅದನ್ನೇ. ವೈದ್ಯರು ಅದನ್ನು ಅಳತೆಯಿಂದ ಬೇರೆ ದ್ರವ್ಯಗಳೊಡನೆ ಕೂಡಿಸಿ ಔಷಧಿ ಮಾಡುತ್ತಾರೆ. ಅದು ವೈದ್ಯರ ಕೈಯ ವಸ್ತು, ಅಡುಗೆಮನೆಯದಲ್ಲ. ಕೂಸಿಗೆ ಮೊಲೆ ಬಿಡಿಸಲು ತಾಯಂದಿರು ಕರಿಬೋಳವನ್ನು ತೇಯ್ದು ಹಚ್ಚಿಕೊಳ್ಳುವ ರೂಢಿಯು ನಮ್ಮ ಹಳ್ಳಿಗಳಲ್ಲಿ ಇತ್ತು. ಅದನ್ನು ಬಿಡಬೇಕು. ಕೂಸಿನ ಬಾಯಿಗೆ ಹೋಗುವುದು ಬರಿ ಕಹಿಯಲ್ಲ, ಭೇದಿಯ ಮದ್ದು.

ಇಂದಿನ ವಿಜ್ಞಾನವೂ ಇದೇ ದಿಕ್ಕಿನಲ್ಲಿ ಮಾತಾಡುತ್ತಿದೆ. ಲೋಳೆಸರದ ಹಳದಿ ರಸದಿಂದ ಮಾಡಿದ ಭೇದಿಮದ್ದುಗಳು ವೈದ್ಯರ ಚೀಟಿಯಿಲ್ಲದೆ ಮಾರಲು ಸುರಕ್ಷಿತವೆಂಬುದಕ್ಕೆ ಆಧಾರ ಸಾಲದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2002ರಲ್ಲಿ ಅವುಗಳನ್ನು ತಡೆಯಿತು. ಹಳದಿ ಅಂಶವನ್ನು ತೆಗೆಯದ ಇಡೀ ಎಲೆಯ ಸಾರವನ್ನು ಬಹುಕಾಲ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳಾದುದು ಅಲ್ಲಿನ ಪ್ರಯೋಗಗಳಲ್ಲಿ ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ತನ್ನ ಸಂಪುಟದಲ್ಲಿ ಇಡೀ ಎಲೆಯ ಸಾರವನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ವರ್ಗದಲ್ಲಿ ಸೇರಿಸಿದೆ. ಇಲಿಗಾದದ್ದು ಮನುಷ್ಯರಿಗೂ ಆಗಿಯೇ ತೀರುವುದೆಂದು ಇದರ ಅರ್ಥವಲ್ಲ. ಸಿಪ್ಪೆಸಹಿತ ರುಬ್ಬಿ ದಿನವೂ ಕುಡಿಯುವುದು ಬೇಡವೆಂಬುದಂತೂ ಸ್ಪಷ್ಟ. ಅಜ್ಜನವರ ಬೋಗುಣಿಯು ಹೇಳಿದ್ದೂ ಅದನ್ನೇ.

ಶುದ್ಧಿಯ ಕ್ರಮ

ಎರಡು ಮೂರು ವರ್ಷ ಬಲಿತ ಗಿಡದ ಹೊರಸುತ್ತಿನ ದಪ್ಪ ಎಲೆಯನ್ನು ಬುಡಕ್ಕೆ ಸರಿಯಾಗಿ ಕೊಯ್ಯಬೇಕು. ನಡುವಿನ ಎಳೆಯ ಸುಳಿಯನ್ನು ಮುಟ್ಟಬಾರದು. ಕೊಯ್ದ ತುದಿ ಕೆಳಗಾಗಿ ಬಟ್ಟಲಿನಲ್ಲಿ ನಿಲ್ಲಿಸಿರಿ. ರಾತ್ರಿಯಿಡೀ ಇರಿಸಿದರೆ ಉತ್ತಮ, ಅವಸರವಿದ್ದರೆ ಒಂದೆರಡು ತಾಸಾದರೂ ಬೇಕು. ಬಳಿಕ ಎಲೆಯನ್ನು ತೊಳೆದು, ಬುಡದ ಕಡೆಯಿಂದ ಒಂದು ಅಂಗುಲ, ತುದಿಯಿಂದ ಒಂದು ಅಂಗುಲ ಕತ್ತರಿಸಿ ಬಿಸಾಡಿ, ಎರಡೂ ಬದಿಯ ಮುಳ್ಳಂಚುಗಳನ್ನು ಹೆರೆದು ತೆಗೆಯಿರಿ. ಸಿಪ್ಪೆಯನ್ನು ತೆಳುವಾಗಿ ಹೆರೆಯದೆ ತುಸು ದಪ್ಪವಾಗಿಯೇ ತೆಗೆಯಬೇಕು. ಹಳದಿ ರಸವಿರುವುದು ಅದರ ಒಳಮೈಯಲ್ಲಿ. ಇಲ್ಲಿ ಜಿಪುಣತನ ಸಲ್ಲದು.

ಉಳಿದ ತಿಳಿ ತಿರುಳನ್ನು ಹೋಳು ಮಾಡಿ ತಣ್ಣೀರಿನಲ್ಲಿ ತೊಳೆಯಿರಿ. ಎಷ್ಟು ಸಲ? ತಮಿಳುನಾಡಿನ ಮನೆಗಳಲ್ಲಿ ಏಳು ಸಲ ತೊಳೆಯುವುದು ಪದ್ಧತಿ. ನಾವು ಎಣಿಕೆಗಿಂತ ನಾಲಗೆಯನ್ನು ನಂಬುತ್ತೇವೆ. ಒಂದು ಚೂರನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡಿರಿ. ಕಹಿಯಿದ್ದರೆ ಹಳದಿ ರಸ ಇನ್ನೂ ಉಳಿದಿದೆ ಎಂದರ್ಥ. ಮತ್ತೆ ತೊಳೆಯಿರಿ. ಕಹಿ ಹೋಗಿ ಸಪ್ಪೆಯಾದಾಗ ತಿರುಳು ಶುದ್ಧವಾಯಿತು. ಅದನ್ನು ಅಂದೇ ಬಳಸಬೇಕು. ಗಾಳಿಗೆ ಬಿಟ್ಟರೆ ಬಣ್ಣ ಕೆಡುವುದು, ಹುಳಿವಾಸನೆ ಬರುವುದು. ಅಂತಹದನ್ನು ಚೆಲ್ಲಿಬಿಡುವುದೇ ಸರಿ.

ಹೊರ ಉಪಯೋಗ

ಮನೆಮದ್ದಾಗಿ ಲೋಳೆಸರದ ನಿಜವಾದ ಸ್ಥಾನ ಚರ್ಮದ ಮೇಲೆ. ರೊಟ್ಟಿ ಬೇಯಿಸುವಾಗ ಹಂಚು ತಾಗಿ, ಅನ್ನ ಬಸಿಯುವಾಗ ಹಬೆ ತಾಗಿ ಕೈ ಸುಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಆಗ ಮೊದಲು ಮಾಡತಕ್ಕದ್ದು ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯುವುದು. ಮಂಜುಗಡ್ಡೆ, ಶಾಯಿ, ಹಲ್ಲುಜ್ಜುವ ಪೇಸ್ಟು ಇವಾವುವೂ ಸಲ್ಲವು. ಉರಿ ತಣಿದ ಮೇಲೆ, ಚರ್ಮ ಕೆಂಪಾಗಿದ್ದು ಒಡೆಯದೆ ಇದ್ದರೆ, ಶುದ್ಧ ತಿರುಳನ್ನು ತೆಳುವಾಗಿ ಸವರಬಹುದು. ಬೊಬ್ಬೆ ಎದ್ದಿದ್ದರೆ, ಅಂಗೈಗಿಂತ ಅಗಲವಾಗಿ ಸುಟ್ಟಿದ್ದರೆ, ಮುಖಕ್ಕೆ ತಾಗಿದ್ದರೆ, ಅಥವಾ ಸುಟ್ಟುಕೊಂಡದ್ದು ಕೂಸಾಗಿದ್ದರೆ, ಗಿಡದ ಹತ್ತಿರ ಓಡದೆ ವೈದ್ಯರ ಹತ್ತಿರ ಹೋಗಬೇಕು. ತೆರೆದ ಗಾಯಕ್ಕೂ ಅಂಗಳದ ಎಲೆಯನ್ನು ಹಚ್ಚಬಾರದು.

ಬೇಸಗೆಯಲ್ಲಿ ಹೊಲದಿಂದ ಬಂದವರ ಬಿಸಿಲುರಿಗೂ ಒಣಗಿದ ಚರ್ಮಕ್ಕೂ ಇದು ಹಿತ. ತಿರುಳನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ, ನೀರಿನ ಚಟಪಟ ಸದ್ದು ನಿಲ್ಲುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ, ಸೋಸಿ ತಲೆಗೆ ಹಚ್ಚಿಕೊಳ್ಳುವ ಪದ್ಧತಿಯನ್ನು ನಮ್ಮ ತಾಯಂದಿರು ಬಲ್ಲರು. ಹೊಸದಾಗಿ ಬಳಸುವವರು ಮೊದಲು ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿರಿ. ತುರಿಕೆ ಬಂದರೆ ಅದು ನಿಮ್ಮ ಮೈಗೆ ಒಗ್ಗದು.

ಆಹಾರವಾಗಿ

ಲೋಳೆಸರವನ್ನು ಕಾಯಿಪಲ್ಯವಾಗಿ ಉಣ್ಣುವವರು ರಾಜಸ್ಥಾನದ ಜನ. ಅವರು ಅದನ್ನು ಗ್ವಾರಪಾಠಾ ಎನ್ನುತ್ತಾರೆ. ಮಳೆ ಕಡಿಮೆಯಾದ, ಹಸಿರು ತರಕಾರಿ ದುರ್ಲಭವಾದ ಆ ನಾಡಿನಲ್ಲಿ ಈ ಗಿಡವು ಹಸಿರು ತರಕಾರಿಯ ಕೊರತೆಯನ್ನು ನೀಗಿಸಿದೆ. ನಮ್ಮ ಬಯಲುಸೀಮೆಯ ಅಡುಗೆಮನೆಗೂ ಅದು ಹೊಂದುವಂಥದು. ಕ್ರಮ ಹೀಗಿದೆ: ಎರಡು ಚಮಚ ಮೆಂತ್ಯಕಾಳನ್ನು ರಾತ್ರಿ ನೆನೆಯಿಟ್ಟು ಬೆಳಿಗ್ಗೆ ಬೇಯಿಸಿರಿ. ಶುದ್ಧ ಮಾಡಿದ ಒಂದು ಬಟ್ಟಲು ತಿರುಳಿನ ಹೋಳುಗಳನ್ನು ಉಪ್ಪು ಅರಿಶಿನ ಹಾಕಿದ ನೀರಿನಲ್ಲಿ ಐದಾರು ನಿಮಿಷ ಕುದಿಸಿ, ಆ ನೀರನ್ನು ಬಸಿದು ಚೆಲ್ಲಿರಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಇಂಗಿನ ಒಗ್ಗರಣೆ ಮಾಡಿ, ಮೆಂತ್ಯವನ್ನೂ ಹೋಳುಗಳನ್ನೂ ಹಾಕಿ, ಖಾರದ ಪುಡಿ, ಧನಿಯ ಪುಡಿ, ಕೊನೆಗೆ ಸ್ವಲ್ಪ ಮಾವಿನಕಾಯಿಯ ಪುಡಿ ಅಥವಾ ಹುಣಸೆರಸ ಬೆರೆಸಿ ಬಾಡಿಸಿರಿ. ಜೋಳದ ರೊಟ್ಟಿಯೊಡನೆ ಚೆನ್ನಾಗಿರುತ್ತದೆ. ಮೊದಲ ಸಲ ಒಂದು ಚಮಚದಷ್ಟು ಮಾತ್ರ ಬಡಿಸಿಕೊಳ್ಳುವುದು ಜಾಣತನ.

ಬೇಸಗೆಯಲ್ಲಿ ನಾಲ್ಕಾರು ಸಣ್ಣ ಹೋಳುಗಳನ್ನು ನೀರುಮಜ್ಜಿಗೆಯಲ್ಲಿ ಹಾಕಿ, ಶುಂಠಿ, ಜೀರಿಗೆ, ಕೊತ್ತಂಬರಿ, ಉಪ್ಪು ಬೆರೆಸಿ ಕಡೆದು ಕುಡಿಯಬಹುದು. ಇವೆಲ್ಲ ಆಗೊಮ್ಮೆ ಈಗೊಮ್ಮೆ ಉಣ್ಣುವ ಆಹಾರ. ನಿತ್ಯವ್ರತವಾಗಿ ಹಿಡಿಯತಕ್ಕ ಔಷಧಿಯಲ್ಲ. 'ಅತಿಯಾದರೆ ಅಮೃತವೂ ವಿಷ' ಎಂಬುದನ್ನು ನಾವೆಲ್ಲರೂ ಬಲ್ಲೆವು. ಬಲ್ಲದ್ದನ್ನು ಲೋಟ ಹಿಡಿದಾಗ ನೆನೆಯಬೇಕು, ಅಷ್ಟೆ.

ಯಾರಿಗೆ ಬೇಡ

ಗರ್ಭಿಣಿಯರು, ಎದೆಹಾಲು ಉಣಿಸುವ ತಾಯಂದಿರು, ಸಣ್ಣ ಮಕ್ಕಳು ಇದನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು. ಮೂತ್ರಪಿಂಡದ ಕಾಯಿಲೆ, ಕರುಳಿನ ಹುಣ್ಣು, ಮೂಲವ್ಯಾಧಿ ಇರುವವರಿಗೂ ಬೇಡ. ಹೃದಯದ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಿಗೆ ಪೊಟ್ಯಾಸಿಯಂ ಇಳಿಯುವ ಅಪಾಯವುಂಟು. ಸಕ್ಕರೆ ಕಾಯಿಲೆಯ ಗುಳಿಗೆಯೊಡನೆ ಇದನ್ನೂ ಸೇವಿಸಿದರೆ ಸಕ್ಕರೆ ಎಣಿಸಿದ್ದಕ್ಕಿಂತ ಕೆಳಗಿಳಿಯಬಹುದು. ಇಂತಹವರು ತಮ್ಮ ವೈದ್ಯರನ್ನು ಕೇಳದೆ ಒಂದು ಚಮಚವನ್ನೂ ತೆಗೆದುಕೊಳ್ಳಕೂಡದು. ಲೋಳೆಸರ ಕುಡಿಯುತ್ತಿದ್ದೇವೆಂದು ಸಕ್ಕರೆಯ ಗುಳಿಗೆಯನ್ನು ಬಿಡುವುದಂತೂ ತಮ್ಮ ಕೈಯಾರೆ ತಮಗೆ ಕೇಡು ತಂದುಕೊಂಡಂತೆ.

ಈಗ ಪೇಟೆಯಲ್ಲಿ ಶೀಶೆಯ ರಸಗಳು ಹೇರಳವಾಗಿವೆ. ಕೊಳ್ಳುವವರು ಚೀಟಿಯನ್ನು ಓದಬೇಕು. ಒಳಗಿನ ತಿರುಳಿನದೋ ಇಡೀ ಎಲೆಯದೋ, ಅಲೋಯಿನ್ ತೆಗೆದಿದೆಯೋ ಇಲ್ಲವೋ ಎಂಬುದನ್ನು ನೋಡಬೇಕು. ಏನನ್ನೂ ಹೇಳದ ಶೀಶೆಯನ್ನು ಅಲ್ಲಿಯೇ ಬಿಟ್ಟು ಬರುವುದು ಒಳ್ಳೆಯದು. ಸಕ್ಕರೆ ಕಾಯಿಲೆಯನ್ನೂ ಕ್ಯಾನ್ಸರನ್ನೂ ವಾಸಿ ಮಾಡುವೆವೆಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾನೂನೇ ನಿಷೇಧಿಸಿದೆ. ಹಾಗೆ ಹೇಳಿ ಮಾರುವವರು ಎಂಥ ಭಕ್ತಿಯ ಮಾತನ್ನಾಡಿದರೂ ನಂಬಬೇಡಿರಿ. ಪ್ರವಚನಕಾರರು ಹೇಳಿದರೂ ನಂಬುವ ಮುನ್ನ ಪೂರ್ತಿ ಕೇಳಿರಿ. ಈ ಮಾತನ್ನು ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

12ನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನವರು ವೈದ್ಯವೃತ್ತಿಯವರು. ಮದ್ದು ಕೊಡುವುದೂ ಒಂದು ಕಾಯಕವೇ. ಹಾಗಾದರೆ ಅದಕ್ಕೂ ಕಾಯಕದ ನಿಷ್ಠೆ ಬೇಕು. ಮದ್ದಿನ ಹೆಸರು ಹೇಳುವುದು ಸುಲಭ, ಅದನ್ನು ಶುದ್ಧ ಮಾಡುವ ಬಗೆಯನ್ನು ಹೇಳುವುದರಲ್ಲಿ ನಿಷ್ಠೆಯಿದೆ. ಅಜ್ಜಿಯಂದಿರು ಮೊಮ್ಮಕ್ಕಳಿಗೆ ಮನೆಮದ್ದು ಹೇಳುವಾಗ ಗುಣವನ್ನಷ್ಟೇ ಹೇಳಿ ಬಿಡಬೇಡಿರಿ. ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ ತೋರಿಸಿರಿ. ಕೈ ಬಲ್ಲದ್ದು ಕೈಯಿಂದಲೇ ದಾಟಬೇಕು.

ಆ ತಾಯಿ ಅನಂತರ ಐದು ವರ್ಷ ಬಾಳಿ, ಮರಿಮಗನನ್ನು ಎತ್ತಿ ಆಡಿಸಿ ಲಿಂಗೈಕ್ಯರಾದರು. ಕಳೆದ ಶ್ರಾವಣದಲ್ಲಿ ಅದೇ ಮನೆಗೆ ಹೋಗಿದ್ದೆವು. ಅಂಗಳದ ಲೋಳೆಸರ ಈಗ ಹತ್ತಾರು ಮರಿಗಳನ್ನು ಹಾಕಿಕೊಂಡು ಹರಡಿದೆ. ಬೆಳಿಗ್ಗೆ ಸ್ನಾನಕ್ಕೆ ಹೊರಟಾಗ ಹಿತ್ತಲ ಕಟ್ಟೆಯ ಮೇಲೆ ಸ್ಟೀಲಿನ ಬಟ್ಟಲೊಂದು ಕಾಣಿಸಿತು. ಅದರಲ್ಲಿ ಎರಡು ಎಲೆಗಳು ನಿಂತಿದ್ದವು, ತಳದಲ್ಲಿ ಹಳದಿ ನೀರು. ಮನೆಯ ಸೊಸೆ ನಮ್ಮನ್ನು ಕಂಡು, "ಅತ್ತಿಯವರು ಕಲಿಸ್ಯಾರ್ರಿ. ನೀವು ಆಮ್ಯಾಲ ಬಂದು ಹೇಳಿ ಹೋಗಿದ್ದಿರಂತಲ್ಲರಿ" ಎಂದಳು. ಆಗ ನಮ್ಮ ಮನಸ್ಸು ಸ್ವಲ್ಪ ಹಗುರಾಯಿತು.

ನಿಮ್ಮ ಮನೆಗಳಲ್ಲಿ ಲೋಳೆಸರವನ್ನು ಶುದ್ಧ ಮಾಡುವ ಬೇರೆ ಕ್ರಮಗಳಿದ್ದರೆ ಬರೆದು ಕಳಿಸಿರಿ. ಮುಂದಿನ ತಿಂಗಳು ಒಂದೆಲಗದ ವಿಚಾರ.